ಸ್ಯಾನ್ ಹೊಸೆ ಸ್ಟೇಟ್ ಎಂದಾಗ ದನಿ ತಗ್ಗುವುದೇಕೆ?

ಮಾರ್ಚ್ ಬಂತೆಂದರೆ ಸಿಲಿಕಾನ್ ಕಣಿವೆಯ ಕನ್ನಡಿಗರ ಮನೆಗಳಲ್ಲಿ ಕಾಲೇಜು ಸೀಟಿನದೇ ಮಾತು. ಹೆಸರಾಂತ ಬರ್ಕ್ಲಿ ವಿಶ್ವವಿದ್ಯಾಲಯ ಸಿಕ್ಕವರು ಸಿಹಿ ಹಂಚುತ್ತಾರೆ. ಕಣಿವೆಯಲ್ಲೇ ಇರುವ ಸರ್ಕಾರಿ ವಿಶ್ವವಿದ್ಯಾಲಯ ಸ್ಯಾನ್ ಹೊಸೆ ಸ್ಟೇಟ್ ಸಿಕ್ಕವರು ದನಿ ತಗ್ಗಿಸಿ ಹೇಳುತ್ತಾರೆ. ಊರಿನ ಬಂಧುಗಳೂ ಫೋನಿನಲ್ಲಿ ಕೇಳುತ್ತಾರೆ, "ಅಲ್ಲಿ ಕೇಳಿದವರಿಗೆಲ್ಲ ಸೀಟು ಕೊಡುತ್ತಾರಂತಲ್ಲ?" ಈ ತಾತ್ಸಾರ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪದವಿಗೆ ಅರ್ಜಿ ಹಾಕಿದವರಲ್ಲಿ ಬಹುಪಾಲು ಜನರಿಗೆ ಅಲ್ಲಿ ಪ್ರವೇಶ ಸಿಗುವುದು ನಿಜ. ಆದರೆ ಅದು ಕಳಪೆಯ ಗುರುತಲ್ಲ, ಬೇಕೆಂದೇ ಮಾಡಿದ ಏರ್ಪಾಡು. 1960ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಹಾಯೋಜನೆ ಹಾಕಿಕೊಂಡಿತು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಬರ್ಕ್ಲಿಯಂಥ ವಿಶ್ವವಿದ್ಯಾಲಯಗಳು, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಯಾನ್ ಹೊಸೆಯಂಥ ಸ್ಟೇಟ್ ಕಾಲೇಜುಗಳು, ಮಿಕ್ಕ ಎಲ್ಲರಿಗೂ ಎರಡು ವರ್ಷದ ಕಮ್ಯುನಿಟಿ ಕಾಲೇಜು. ಹೆಚ್ಚು ಜನರನ್ನು ಸೇರಿಸಿಕೊಳ್ಳುವುದೇ ಸ್ಯಾನ್ ಹೊಸೆಯಂಥ ಸಂಸ್ಥೆಯ ಕೆಲಸ. 2022ರಲ್ಲಿ ಈ ಸ್ಟೇಟ್ ಕಾಲೇಜುಗಳ ವ್ಯವಸ್ಥೆ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ನೋಡುವುದನ್ನೂ ಕೈಬಿಟ್ಟಿತು. ಹಾಗೆಂದು ಎಲ್ಲ ವಿಭಾಗಗಳ ಬಾಗಿಲೂ ಒಂದೇ ಅಗಲವಿಲ್ಲ: ಕಂಪ್ಯೂಟರ್ ಸೈನ್ಸ್‌ಗೆ ಸೀಟಿಗಿಂತ ಅರ್ಜಿ ಎಷ್ಟೋ ಹೆಚ್ಚು, ಅಲ್ಲಿ ಪೈಪೋಟಿಯೂ ಬಿರುಸು.

ಸಂಬಳದ ಮಾತಿಗೆ ಬರೋಣ. 2002ರಲ್ಲಿ ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆದ ಹುಡುಗರಲ್ಲಿ ಕೆಲವರು ಸೀಟಿಗೆ ಹೆಚ್ಚು ಪೈಪೋಟಿ ಇರುವ ಕಾಲೇಜು ಸೇರಿದರು, ಕೆಲವರು ಅಷ್ಟು ಪೈಪೋಟಿ ಇಲ್ಲದ್ದನ್ನು ಆರಿಸಿಕೊಂಡರು. ಮುಂದೆ ಇವರ ಗಳಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬದ ಮಕ್ಕಳಿಗೆ ಮಾತ್ರ ಹೆಚ್ಚು ಪೈಪೋಟಿಯ ಕಾಲೇಜು ಸೇರಿದ್ದರಿಂದ ಲಾಭವಾಗಿತ್ತು. 2017ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಂಥ ಬಡ ಮಕ್ಕಳ ಲೆಕ್ಕವನ್ನೇ ತೆಗೆದರು. ಆದಾಯದಲ್ಲಿ ಕೆಳಗಿನ ಐದನೇ ಒಂದು ಭಾಗದ ಮನೆಗಳಿಂದ ಬಂದು ಮೇಲಿನ ಐದನೇ ಒಂದು ಭಾಗ ಸೇರಿದವರ ಪಾಲು, ತೀರಾ ಸಣ್ಣ ಕಾಲೇಜುಗಳನ್ನು ಬಿಟ್ಟರೆ, ಎಲ್ಲಕ್ಕಿಂತ ಹೆಚ್ಚಿದ್ದದ್ದು ಕ್ಯಾಲ್ ಸ್ಟೇಟ್ ಲಾಸ್ ಏಂಜಲೀಸ್‌ನಲ್ಲಿ. ಅದು ಸ್ಯಾನ್ ಹೊಸೆ ಸ್ಟೇಟ್‌ನ ಸೋದರ ಸಂಸ್ಥೆ.

ಸ್ಯಾನ್ ಹೊಸೆಗೆ ಇನ್ನೊಂದು ಬಲ, ಅದು ಇರುವ ಜಾಗ. ಊರ ನಡುವೆ, ಸುತ್ತ ಕಂಪನಿಗಳು. ಅಲ್ಲಿನ ಕಿಂಗ್ ಗ್ರಂಥಾಲಯಕ್ಕೆ ಸಂಜೆ ಹೋದರೆ ನನ್ನ ಮಾತು ಅರ್ಥವಾಗುತ್ತದೆ. ನಗರದ್ದೂ ಕಾಲೇಜಿನದ್ದೂ ಒಂದೇ ಗ್ರಂಥಾಲಯ. ಒಂದು ಮೇಜಿನಲ್ಲಿ ಪುಟ್ಟ ಮಕ್ಕಳ ಚಿತ್ರಪುಸ್ತಕ, ಪಕ್ಕದ ಮೇಜಿನಲ್ಲಿ ಕೊರಳಿನ ಕಂಪನಿ ಗುರುತಿನ ಚೀಟಿಯನ್ನೂ ತೆಗೆಯದೆ ಸಂಜೆಯ ತರಗತಿಗೆ ಲೆಕ್ಕ ಬಿಡಿಸುತ್ತಿರುವ ಹುಡುಗಿ. ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾದ ಅಗತ್ಯ ಇವರಲ್ಲಿ ಬಹಳ ಜನರಿಗಿಲ್ಲ. ಇಲ್ಲಿನ ಪದವೀಧರರ ಸಂಬಳ ಮೇಲಿರಲು ಇದೂ ಕಾರಣ. ಆ ಸಂಬಳದ ದೊಡ್ಡ ಪಾಲನ್ನು ಇಲ್ಲಿನ ಮನೆ ಬಾಡಿಗೆ ನುಂಗುತ್ತದೆ ಎಂಬುದೂ ನಿಜ.

ಊರಿನಿಂದ ಮಕ್ಕಳನ್ನು ಕಳಿಸುವವರು ಒಂದು ವಿಷಯ ಗಮನಿಸಬೇಕು. ಅಮೆರಿಕ ಸರ್ಕಾರದ 'ಕಾಲೇಜ್ ಸ್ಕೋರ್‌ಕಾರ್ಡ್' ಕೊಡುವ ಗಳಿಕೆಯ ಅಂಕಿ ಕೇಂದ್ರ ಸರ್ಕಾರದ ನೆರವು ಪಡೆದ ವಿದ್ಯಾರ್ಥಿಗಳದ್ದು. ವಿದ್ಯಾರ್ಥಿ ವೀಸಾದಲ್ಲಿ ಬರುವ ನಮ್ಮ ಮಕ್ಕಳಿಗೆ ಆ ನೆರವಿಲ್ಲ, ಹಾಗಾಗಿ ಅವರು ಆ ಲೆಕ್ಕದಲ್ಲೂ ಇಲ್ಲ. ಪದವಿಗೆ ಅರ್ಜಿ ಹಾಕಿದವರಲ್ಲಿ ಶೇಕಡಾ ಎಷ್ಟು ಮಂದಿಗೆ ಸೀಟು ಸಿಗುತ್ತದೆ ಎಂಬುದಕ್ಕೂ ಎಂ.ಎಸ್. ಪ್ರವೇಶಕ್ಕೂ ಸಂಬಂಧವಿಲ್ಲ. ವಿಭಾಗದ ಹೆಸರು ಹಿಡಿದೇ ವಿಚಾರಿಸಿ: ಅಲ್ಲಿ ಎಷ್ಟು ಮಂದಿ ಸೇರುತ್ತಾರೆ, ಎಷ್ಟು ಮಂದಿ ಮುಗಿಸುತ್ತಾರೆ, ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತದೆ.