ಚಿಕೋರಿ ಬೇಕೋ ಬೇಡವೋ: ಕಪ್ಪಿಂಗ್ ಮೇಜಿನ ಮಾತು, ಮನೆ ಲೋಟದ ಮಾತು

ಬೆಂಗಳೂರಿನ ಹೊಸ ಕಾಲದ ಕಾಫಿ ರೋಸ್ಟರಿಯಲ್ಲಿ ‘ಚಿಕೋರಿ ಹಾಕಿದ ಪುಡಿ ಇದೆಯಾ’ ಎಂದು ಕೇಳಿದರೆ ಕೌಂಟರಿನವರು ಒಮ್ಮೆ ನಿಮ್ಮ ಮುಖ ನೋಡಬಹುದು. ಹಳೇ ಪುಡಿ ಅಂಗಡಿಯಲ್ಲಿ ‘ಬರೀ ಅರೇಬಿಕಾ, ಹಗುರವಾಗಿ ಹುರಿದದ್ದು ಕೊಡಿ’ ಅಂದರೆ ‘ಹಾಲಿಗೆ ಹಿಡಿಯಲ್ಲ ಸಾರ್, ಸಪ್ಪೆ ಆಗುತ್ತೆ’ ಅನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಕೆಲಸ ಬಲ್ಲವರೇ. ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಲೋಟಕ್ಕೆ ಸುರಿದಾಗ. ಈ ಕಾಫಿಯಲ್ಲಿ ಏನಿದೆ, ಏನು ಕೆಟ್ಟಿದೆ ಅನ್ನುವುದೊಂದು ಪ್ರಶ್ನೆ. ಇದು ನನಗೆ ಹಿಡಿಸುತ್ತದೆಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಪಳಗಿದ ನಾಲಿಗೆ ಬೇಕು. ಎರಡನೆಯದಕ್ಕೆ ‘ಊಟ ತನ್ನಿಚ್ಛೆ’ ಅನ್ನುವ ಗಾದೆಯೇ ಸಾಕು.

ಪರಿಣತರು ಕಾಫಿ ರುಚಿ ನೋಡುವ ಕ್ರಮಕ್ಕೆ ಕಪ್ಪಿಂಗ್ ಎಂದು ಹೆಸರು. 150 ಮಿಲಿ ನೀರಿಗೆ 8.25 ಗ್ರಾಂ ತರಿ ಪುಡಿ, ಸುಮಾರು 93 ಡಿಗ್ರಿಯ ನೀರು. ಫಿಲ್ಟರ್ ಇಲ್ಲ, ಹಾಲಿಲ್ಲ, ಸಕ್ಕರೆಯಿಲ್ಲ. ಸುಮಾರು ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಮೂಸುತ್ತಾರೆ. ನೊರೆ ತೆಗೆದು, ಬಿಸಿ 70 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಚಮಚದಲ್ಲಿ ಜೋರಾಗಿ ಸೊರ್ರೆಂದು ಹೀರಿ ಉಗಿಯುತ್ತಾರೆ. ಸದ್ದು ಶೋಕಿಗಲ್ಲ. ಹಾಗೆ ಹೀರಿದರೆ ಕಾಫಿ ಹನಿಹನಿಯಾಗಿ ಬಾಯಿತುಂಬ ಹರಡಿ, ಗಂಟಲಿನ ಹಿಂದಿನಿಂದ ಮೂಗಿಗೆ ಪರಿಮಳ ಏರುತ್ತದೆ. ನಾವು ರುಚಿ ಅನ್ನುವುದರ ಬಹುಪಾಲು ಈ ಹಿಂಬಾಗಿಲಿನ ವಾಸನೆಯೇ. ನೂರು ಅಂಕದಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ಸ್ಪೆಷಾಲಿಟಿ’ ಎಂಬ ಪಟ್ಟ.

ಮಾದರಿ ಬೀಜವನ್ನು ಬೇಕೆಂದೇ ಹಗುರವಾಗಿ ಹುರಿಯುತ್ತಾರೆ, ಯಾಕೆಂದರೆ ಕಡುಹುರಿಯಲ್ಲಿ ದೋಷ ಮುಚ್ಚಿಹೋಗುತ್ತದೆ. ಹುಳಿತ ಬೀಜವಿದ್ದರೆ ವಿನೆಗರ್ ನಾತ, ಮಳೆಗೆ ಸಿಕ್ಕಿ ಬೂಸ್ಟು ಹಿಡಿದಿದ್ದರೆ ಮುಗ್ಗಲು, ತುಂಬ ದಿನ ಗೋದಾಮಿನಲ್ಲಿದ್ದರೆ ಗೋಣಿಚೀಲದ ವಾಸನೆ, ಕಾಯಿ ಹಣ್ಣಾಗುವ ಮೊದಲೇ ಕಿತ್ತಿದ್ದರೆ ಕಡಲೆಬೀಜದ ಒಣ ರುಚಿ. ಇವನ್ನು ಹಿಡಿಯುವುದಕ್ಕೆ ಕಪ್ಪಿಂಗ್ ಇದೆ, ಹಸಿ ಬೀಜಕ್ಕೆ ಬೆಲೆ ಕಟ್ಟುವುದಕ್ಕೆ ಇದೆ. ಚಿನ್ನವನ್ನು ಒರೆಗಲ್ಲಿಗೆ ಉಜ್ಜುವುದು ಎಷ್ಟು ಕ್ಯಾರೆಟ್ ಎಂದು ತಿಳಿಯಲು. ಸರ ನಿಮ್ಮ ಕುತ್ತಿಗೆಗೆ ಒಪ್ಪುತ್ತದೆಯೇ ಎಂದು ಕಲ್ಲು ಹೇಳುವುದಿಲ್ಲ. ಕಪ್ಪಿಂಗ್‌ಗೆ ನಿಯಮ ರೂಪಿಸುವ ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಕೂಡ ಇದನ್ನು ತಡವಾಗಿಯಾದರೂ ಒಪ್ಪಿಕೊಂಡಿತು. 2023ರಲ್ಲಿ ಅದು ಮುಂದಿಟ್ಟ ಹೊಸ ಮೌಲ್ಯಮಾಪನ ಪದ್ಧತಿಯಲ್ಲಿ, ಕಾಫಿಯಲ್ಲಿ ಏನಿದೆ ಎಂದು ಬರೆಯುವ ಫಾರಂ ಬೇರೆ, ಎಷ್ಟು ಹಿಡಿಸಿತು ಎಂದು ಬರೆಯುವ ಫಾರಂ ಬೇರೆ. ಮೊದಲೆಲ್ಲ ಎರಡೂ ಒಂದೇ ಅಂಕದೊಳಗೆ ಕಲಸಿಹೋಗುತ್ತಿತ್ತು.

ಯಾವುದು ದೋಷ, ಯಾವುದು ರುಚಿ ಅನ್ನುವ ಗೆರೆ ಅಲುಗುವುದೂ ಉಂಟು. ನಮ್ಮ ಕರಾವಳಿಯ ಮಾನ್ಸೂನ್ಡ್ ಮಲಬಾರ್ ಕಾಫಿ ನೋಡಿ. ಹಾಯಿಹಡಗಿನ ಕಾಲದಲ್ಲಿ ಕಾಫಿ ಬೀಜ ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ತೇವದಲ್ಲಿ ಕೂತು ಯೂರೋಪು ಸೇರುವಾಗ ಊದಿ, ಹಳದಿ ತಿರುಗಿ, ಹುಳಿ ಕಳೆದುಕೊಂಡಿರುತ್ತಿತ್ತು. ಲೆಕ್ಕಕ್ಕೆ ಅದು ಕೆಟ್ಟ ಸರಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ಸರಕು ಬೇಗ ಮತ್ತು ಒಣಗಿ ತಲುಪತೊಡಗಿದಾಗ ಅಲ್ಲಿನ ಗಿರಾಕಿಗಳು ‘ಹಳೇ ರುಚಿ ಇಲ್ಲ’ ಎಂದು ಗೊಣಗಿದರು. ಹಾಗಾಗಿ ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬದಿಗೋಡೆಯಿಲ್ಲದ ಶೆಡ್ಡುಗಳಲ್ಲಿ ಬೀಜ ಹರಡಿ, ಕೈಯಾಡಿಸಿ, ಸಡಿಲವಾಗಿ ಗೋಣಿಗೆ ತುಂಬಿ, ಮತ್ತೆ ಸುರಿದು, 12ರಿಂದ 16 ವಾರ ಮಳೆಗಾಳಿ ಕುಡಿಸುವ ಕ್ರಮ ಬಂತು. ಆಕಸ್ಮಿಕವಾಗಿ ಆಗುತ್ತಿದ್ದ ಹಾಳನ್ನು ಬೇಕೆಂದೇ ಮಾಡಿ, ಮೇಲೊಂದು ಭೌಗೋಳಿಕ ಗುರುತನ್ನೂ (ಜಿಐ ಟ್ಯಾಗ್) ಪಡೆದದ್ದಾಯಿತು.

ದ್ರಾಕ್ಷಿಯದೂ ಇದೇ ಕತೆ. ಬೆಂಗಳೂರು ಬ್ಲೂ ಅಮೆರಿಕದ ಲಾಬ್ರಸ್ಕಾ ವಂಶದ ತಳಿ. ಅದರ ಕಟು ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು. ವೈನ್ ಬಲ್ಲವರು ಅದನ್ನು ‘ನರಿ ವಾಸನೆ’ ಎಂದು ಪಕ್ಕಕ್ಕಿಡುತ್ತಾರೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ದ್ರಾಕ್ಷಿ ಅಂದರೆ ಆ ವಾಸನೆಯೇ. ವೈನಿಗೆ ಬೆಳೆಸುವ ಕಾಬರ್ನೆ ಸೋವಿನ್ಯೋನ್ ದ್ರಾಕ್ಷಿ ಕೊಟ್ಟರೆ ‘ಇದು ಬರೀ ಒಗರು’ ಅನ್ನುತ್ತಾರೆ. ಆ ಒಗರು ಟ್ಯಾನಿನ್ ಎಂಬ ಅಂಶದ್ದು, ಇದ್ದೇ ಇದೆ. ಇಬ್ಬರ ಮೂಗೂ ಸುಳ್ಳು ಹೇಳುತ್ತಿಲ್ಲ.

ಈಗ ಚಿಕೋರಿಗೆ ಬರೋಣ. ಇದು ಬೇರು. ನಮ್ಮಲ್ಲಿ ಹೆಚ್ಚಾಗಿ ಗುಜರಾತಿನಿಂದ ಬರುತ್ತದೆ. ಹುರಿದಾಗ ಬೇರಿನಲ್ಲಿರುವ ಇನುಲಿನ್ ಎಂಬ ಶರ್ಕರ ಪಾಕದಂತೆ ಕಂದಾಗಿ, ಸುಟ್ಟ ಬೆಲ್ಲದ ಸಿಹಿಗಹಿ ಬರುತ್ತದೆ. ಹುರಿದ ಕಾಫಿಪುಡಿಯಲ್ಲಿ ನೀರಿಗೆ ಇಳಿಯುವ ಅಂಶ ಹೆಚ್ಚೆಂದರೆ ನೂರಕ್ಕೆ 30ರಷ್ಟು; ಚಿಕೋರಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಅದಕ್ಕೇ ಚಿಕೋರಿ ಬಿದ್ದ ಡಿಕಾಕ್ಷನ್ ಕಡುಕಪ್ಪಾಗಿ, ಮಂದವಾಗಿ, ಅರ್ಧ ಲೋಟ ಹಾಲು ಸುರಿದರೂ ಬಣ್ಣ ಬಿಟ್ಟುಕೊಡದೆ ನಿಲ್ಲುತ್ತದೆ.

ಆದರೆ ಅದರಲ್ಲಿ ಕೆಫೀನ್ ಸೊನ್ನೆ. 30 ಗ್ರಾಂ ಶುದ್ಧ ಅರೇಬಿಕಾದಲ್ಲಿ ಸುಮಾರು 360 ಮಿಲಿಗ್ರಾಂ ಕೆಫೀನ್ ಇದ್ದರೆ, 70-30 ಪುಡಿಯ 30 ಗ್ರಾಂನಲ್ಲಿ ಕಾಫಿ 21 ಗ್ರಾಂ, ಕೆಫೀನ್ ಸುಮಾರು 250. ‘ಚಿಕೋರಿ ಹಾಕಿದರೆ ಸ್ಟ್ರಾಂಗ್’ ಅನ್ನುವವರು ಬಣ್ಣ ಮತ್ತು ಮಂದವನ್ನು ಹೇಳುತ್ತಿದ್ದಾರೆ. ಕಿಕ್ ಬೇಕೆಂದರೆ ಕೇಳಬೇಕಾದದ್ದು ರೊಬಸ್ಟಾ ಎಂಬ ಇನ್ನೊಂದು ಕಾಫಿ ಜಾತಿ, ಅದರಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಇರಬೇಕು. 53-47 ಎಂದು ಓದಿದಾಗ ನೀವು ದುಡ್ಡು ಕೊಟ್ಟ ಪುಡಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಚಿಕೋರಿ ಎಂದರ್ಥ. ಅದು ರುಚಿಯ ತಕರಾರಲ್ಲ, ಜೇಬಿನದು.

ಹಾಲಿನ ವಿಷಯದಲ್ಲಿ ಪರಿಣತರ ಸಲಹೆ ಮನೆಯಲ್ಲಿ ಮುಗ್ಗರಿಸುವುದಕ್ಕೂ ಕಾರಣವಿದೆ. ಹಾಲಿನ ಪ್ರೋಟೀನು ಕಾಫಿಯ ಒಗರಿನ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಬ್ಬು ಪರಿಮಳವನ್ನು ತಡೆಯುತ್ತದೆ. ಹಗುರ ಹುರಿಯ ಅರೇಬಿಕಾದ ಹೆಗ್ಗಳಿಕೆಯಾದ ನಿಂಬೆ, ಕಿತ್ತಳೆಯ ಹುಳಿ ಹಾಲಿನಲ್ಲಿ ಹಣ್ಣಾಗಿ ಉಳಿಯದೆ ‘ಹಾಲು ಒಡೆಯೋಕೆ ಬಂದಿದೆಯಾ’ ಅನ್ನಿಸುತ್ತದೆ. ಹಾಲು ಹಳತಾಗಿದ್ದರೆ ನಿಜವಾಗಿಯೂ ಒಡೆಯುತ್ತದೆ. ಒಂದು ಲೋಟದಲ್ಲಿ 40 ಮಿಲಿ ಡಿಕಾಕ್ಷನ್‌ಗೆ 110 ಮಿಲಿ ಹಾಲು ಹಾಕುವವರಿಗೆ ನಡುಹುರಿ ದಾಟಿದ, ಸ್ವಲ್ಪ ರೊಬಸ್ಟಾ ಬೆರೆತ ಪುಡಿಯೇ ಹೊಂದುತ್ತದೆ. ಇದರಲ್ಲಿ ನಾಲಿಗೆಯ ಹಿಂದುಳಿದಿರುವಿಕೆ ಏನೂ ಇಲ್ಲ.

ಹಾಗಂತ ‘ನನಗೆ ಇದೇ ಇಷ್ಟ’ ಎಂಬ ಮಾತಿನ ಮರೆಯಲ್ಲಿ ಕೆಟ್ಟ ಡಿಕಾಕ್ಷನ್ ಅಡಗಿ ಕೂರಬಾರದು. ತೂಕ ಮಾಡಿ ನೋಡಿ. 30 ಗ್ರಾಂ ಪುಡಿಗೆ 180 ಮಿಲಿ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಕೆಳಗೆ ಇಳಿಯಬೇಕಾದದ್ದು ಸುಮಾರು 120 ಮಿಲಿ, ಅಂದರೆ ಮೂರು ಲೋಟಕ್ಕೆ ಸರಿ. ಪುಡಿ ಹಾಕಿ ಮಟ್ಟ ಮಾಡಿ, ಹಿಡಿಯಿರುವ ತೂತಿನ ತಟ್ಟೆಯನ್ನು ಮೆತ್ತಗೆ ಒತ್ತಿ. ಕುದಿ ನಿಂತು ಅರೆ ನಿಮಿಷವಾದ ನೀರನ್ನು ಮೊದಲು ಪುಡಿ ನೆನೆಯುವಷ್ಟೇ ಸುರಿದು, ಅರೆ ನಿಮಿಷ ಬಿಟ್ಟು, ಉಳಿದದ್ದನ್ನು ಸುತ್ತಲೂ ಹಾಕಿ ಮುಚ್ಚಿ. 20ರಿಂದ 30 ನಿಮಿಷದಲ್ಲಿ ಇಳಿದು ಮುಗಿಯಬೇಕು.

ಐದೇ ನಿಮಿಷಕ್ಕೆ ಇಳಿದರೆ ಪುಡಿ ತರಿಯಾಗಿದೆ ಅಥವಾ ತಟ್ಟೆ ಒತ್ತಿಲ್ಲ; ಡಿಕಾಕ್ಷನ್ ತೆಳ್ಳಗೆ, ಹುಳಿಹುಳಿ. ಜನ ಇದನ್ನೇ ‘ಶುದ್ಧ ಕಾಫಿ ಅಂದ್ರೆ ಹೀಗೇ’ ಎಂದುಕೊಂಡು ಚಿಕೋರಿಗೆ ಮರಳುತ್ತಾರೆ. ನಿಜವೆಂದರೆ ಅವರ ಪುಡಿಯ ಬೀಸು ತಪ್ಪಿತ್ತು. ಚಿಕೋರಿ ನೀರಲ್ಲಿ ಊದಿ ತೂತು ಬಿಗಿಮಾಡಿ ಇಳಿಯುವಿಕೆಯನ್ನು ನಿಧಾನ ಮಾಡುತ್ತದೆ, ತರಿ ಬೀಸಿನ ತಪ್ಪನ್ನು ಮುಚ್ಚುತ್ತದೆ. ಶುದ್ಧ ಪುಡಿಗೆ ಬದಲಾಯಿಸುವವರು ಅಂಗಡಿಯಲ್ಲಿ ಇನ್ನೊಂದಿಷ್ಟು ನುಣ್ಣಗೆ ಬೀಸಿಸಬೇಕು.

ಗಂಟೆಯಾದರೂ ಇಳಿಯದೆ ನಿಂತಿದ್ದರೆ ಪುಡಿ ತೀರ ನುಣ್ಣಗಿದೆ, ಅತಿಯಾಗಿ ಒತ್ತಿದೆ, ಇಲ್ಲವೇ ತೂತು ಕಟ್ಟಿದೆ. ಮೇಲಿನ ಪಾತ್ರೆಯನ್ನು ಒಮ್ಮೆ ಎತ್ತಿ ಮತ್ತೆ ಕೂರಿಸಿದರೆ ಒಳಗೆ ಸಿಕ್ಕಿದ ಗಾಳಿ ಬಿಟ್ಟು ಹನಿಯತೊಡಗುವುದುಂಟು. ತಣ್ಣಗಾದ ಮೇಲೆ ಇಳಿದ ಡಿಕಾಕ್ಷನ್‌ನ ಕಹಿ ಕಾಫಿಯ ಗುಣವಲ್ಲ, ನಿಮ್ಮ ಫಿಲ್ಟರಿನದು. ಅದೇ ಚರಟಕ್ಕೆ ಮತ್ತೆ ನೀರು ಹೊಯ್ದ ಎರಡನೇ ಡಿಕಾಕ್ಷನ್‌ನಲ್ಲಿ ಉಳಿದಿರುವುದು ಹೆಚ್ಚಾಗಿ ಒಗರು. ಬೆರೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಮೇಲೆ ಪುಡಿಯನ್ನು ಬೈಯಬೇಡಿ. ಡಿಕಾಕ್ಷನ್ ಕುದಿಸುವುದಂತೂ ಬೇಡವೇ ಬೇಡ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಬೋರ್‌ವೆಲ್ಲಿನ ಗಡಸು ನೀರಾದರೆ ಅದರ ಬೈಕಾರ್ಬನೇಟು ಹುಳಿಯನ್ನು ನುಂಗಿ ಒಳ್ಳೆಯ ಅರೇಬಿಕಾವನ್ನೂ ಸಪ್ಪೆ ಮಾಡುತ್ತದೆ. ಮಡಿಕೇರಿಯಲ್ಲಿ ಸೊಗಸಾಗಿದ್ದ ಪುಡಿ ಊರಿಗೆ ತಂದ ಮೇಲೆ ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಸರಿಮಾಡಿಕೊಂಡ ಮೇಲೆ ನಿಮ್ಮ ನಾಲಿಗೆಯನ್ನೇ ಪರೀಕ್ಷೆಗೆ ಒಡ್ಡಬಹುದು. ಎರಡು ಪುಡಿ, ಶುದ್ಧದ್ದು ಒಂದು, 80-20 ಒಂದು. ಎರಡಕ್ಕೂ ಮೇಲಿನ ಅಳತೆಯಲ್ಲೇ ಡಿಕಾಕ್ಷನ್ ಇಳಿಸಿ, ಒಂದೇ ಪಾತ್ರೆಯ ಹಾಲು, ತೂಗಿದ ಸಕ್ಕರೆ. ಮನೆಯ ಇನ್ನೊಬ್ಬರು ಮೂರು ಒಂದೇ ಥರದ ಸ್ಟೀಲ್ ಲೋಟಕ್ಕೆ ಹಾಕಬೇಕು: ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ತಳದಲ್ಲಿ ಗುರುತಿನ ಚೀಟಿ. ಬೇರೆಯದು ಯಾವುದು ಎಂದು ನೀವು ಹೇಳಬೇಕು, ಅಷ್ಟೇ. ಹೀಗೆ ಆರು ಸುತ್ತು. ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ, ಆದರೆ ಆರರಲ್ಲಿ ಐದಕ್ಕಿಂತ ಕಡಿಮೆಯಿಲ್ಲದೆ ಊಹೆಯಿಂದಲೇ ಸರಿಯಾಗುವ ಸಂಭವ ನೂರಕ್ಕೆ ಎರಡೂ ಇಲ್ಲ. ನಾಲ್ಕಕ್ಕೇ ನಿಂತರೆ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ ಎಂದು ಪಣ ಕಟ್ಟುವ ಹಾಗಿಲ್ಲ.

ಕೆಡುವುದು ಸಣ್ಣಪುಟ್ಟದರಲ್ಲಿ. ಮೊದಲು ಸುರಿದ ಲೋಟ ಆರಿರುತ್ತದೆ, ಅದರಿಂದಲೇ ಗುರುತು ಸಿಕ್ಕಿಬಿಡುತ್ತದೆ, ಹಾಗಾಗಿ ಮೂರನ್ನೂ ಬಿಸಿನೀರಿನ ತಟ್ಟೆಯಲ್ಲಿಡಿ. ಸುಡುಬಿಸಿಯಲ್ಲಿ ರುಚಿ ತಿಳಿಯದು, 55 ಡಿಗ್ರಿ ಹತ್ತಿರ ಬರಲಿ. ಒಂದು ಸಲಕ್ಕೆ ಮೂರೇ ಸುತ್ತು, ಉಳಿದದ್ದು ಮರುದಿನ. ಕಹಿ ನಾಲಿಗೆಯ ಮೇಲೆ ಕೂತುಬಿಡುತ್ತದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಬಣ್ಣ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ ಅವರು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಹೇಳಿದರು. 2001ರಲ್ಲಿ ಅದು ಪ್ರಕಟವಾಯಿತು. ಚಿಕೋರಿ ಕಾಫಿ ಕಪ್ಪಗಿರುತ್ತದೆ, ಹಾಗಾಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ, ನಾಚಿಕೆ ಬೇಡ.

ಪರಿಣತರ ನಾಲಿಗೆಯೂ ದಿನವಿಡೀ ಒಂದೇ ಹದದಲ್ಲಿರುವುದಿಲ್ಲ. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಜ್ಸನ್ ಎಂಬವರು ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಕೊಡಿಸಿ ನೋಡಿದರು. ಮೂರೂ ಸಲ ಒಂದೇ ಪದಕದ ಮಟ್ಟದೊಳಗೆ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. 2008ರ ಈ ವರದಿ ಓದಿ ಪರಿಣತಿಯೆಲ್ಲ ಬೊಗಳೆ ಅನ್ನುವವರಿದ್ದಾರೆ. ಅದು ಅವಸರದ ಮಾತು. ಎಷ್ಟು ಚೆಂದ ಎಂದು ಅಂಕ ಕೊಡುವಾಗ ತೂಗಾಡುವ ನಾಲಿಗೆಯೇ ಬೂಸ್ಟು ಹಿಡಿದ ಕಾರ್ಕಿನ ನಾತವನ್ನು ಥಟ್ಟನೆ ಹಿಡಿಯಬಹುದು. 87ಕ್ಕೂ 88ಕ್ಕೂ ಇರುವ ವ್ಯತ್ಯಾಸಕ್ಕೆ ಹಣ ಕೊಡಬೇಡಿ. ಬೀಜದಲ್ಲಿ ಮುಗ್ಗಲು ಇದೆ ಎಂದು ಅವರು ಅಂದರೆ ಕೇಳಿ.

ಆರರಲ್ಲಿ ಐದು ಸರಿ ಹೇಳಿದವರು ಮುಂದೆ ಮಾಡಬೇಕಾದದ್ದು ಇಷ್ಟು. ಅಂಗಡಿಯಲ್ಲಿ ‘ಎಷ್ಟು ಚಿಕೋರಿ ಹಾಕ್ಲಿ’ ಎಂದು ಕೇಳಿದಾಗ ‘ಬೇರೆಯಾಗಿ ಕಟ್ಟಿಕೊಡಿ’ ಅನ್ನಿ. ಕಾಲು ಕೇಜಿ ಪುಡಿ: ಅರೇಬಿಕಾದ ಪ್ಲಾಂಟೇಷನ್ ಎ ಅಥವಾ ಪೀಬೆರಿ ದರ್ಜೆಯ ಬೀಜ ಎರಡು ಪಾಲು, ರೊಬಸ್ಟಾ ಒಂದು ಪಾಲು, ಎಣ್ಣೆ ಜಿನುಗುವ ಮೊದಲೇ ನಿಲ್ಲಿಸಿದ ಹುರಿ. ಜೊತೆಗೆ 100 ಗ್ರಾಂ ಚಿಕೋರಿ. ಮೊದಲ ಮೂರು ದಿನ 30 ಗ್ರಾಂನಲ್ಲಿ ಚಿಕೋರಿ 3 ಗ್ರಾಂ, ಆಮೇಲೆ 6, ಆಮೇಲೆ 9. ಯಾವ ಮಟ್ಟದಲ್ಲಿ ಕಾಫಿಯ ಪರಿಮಳ ಸತ್ತು ಬರೀ ಸುಟ್ಟ ಬೆಲ್ಲ ಉಳಿಯಿತು ಅನ್ನಿಸುತ್ತದೋ ಅದರ ಹಿಂದಿನ ಮೆಟ್ಟಿಲಿಗೆ ಬನ್ನಿ, ಡಬ್ಬದ ಮೇಲೆ ಬರೆದಿಡಿ. ಬೀಸಿದ ತಾರೀಕನ್ನೂ ಬರೆಯಿರಿ, ಎರಡು ವಾರ ದಾಟಿದ ಪುಡಿಯಲ್ಲಿ ಮಾಡಿದ ಹೋಲಿಕೆ ಲೆಕ್ಕಕ್ಕಿಲ್ಲ. ಚಿಕೋರಿ ಮಳೆಗಾಲದಲ್ಲಿ ತೇವ ಎಳೆದುಕೊಂಡು ಕಲ್ಲಿನಂತೆ ಗಂಟು ಕಟ್ಟುತ್ತದೆ. ಅದನ್ನು ಒದ್ದೆ ಚಮಚ ತಾಗದ ಹಾಗೆ, ಬಿಗಿ ಮುಚ್ಚಳದ ಬೇರೆ ಡಬ್ಬದಲ್ಲಿಡಿ.