ಮಾವನ 49,000

2024ರ ಜುಲೈಯಲ್ಲಿ ಎಣ್ಣೆ ಡೀಲರಿಗೆ ಕೊಟ್ಟ ಚೆಕ್ಕು ವಾಪಸ್ ಬಂತು. ಚೆಕ್ಕು 41,000ದ್ದು, ಖಾತೆಯಲ್ಲಿ 2,86,000 ಇತ್ತು. ಕೊಡಗಿನ ಮಾದಾಪುರದ ಕಡೆ ಮಾವ ಮೂವತ್ತೆಂಟು ವರ್ಷದಿಂದ ದಿನಸಿ ಅಂಗಡಿ ಇಟ್ಟವರು, ಒಂದು ಚೆಕ್ಕೂ ಹಾಗೆ ಬಂದದ್ದಿಲ್ಲ. ಹೊರಗೆ ಜಡಿಮಳೆ. ಕೊಡೆ ಹಿಡಿದು ಬ್ಯಾಂಕಿಗೆ ಹೊರಟೇ ಬಿಟ್ಟರು, ಹಿಂದಿನಿಂದ ನಾನು.

"ಇನ್‌ಕಮ್ ಟ್ಯಾಕ್ಸ್‌ನಿಂದ ತೆರಿಗೆ ಬಾಕಿಯ ನೋಟಿಸು ಬಂದಿದೆ, ಸೆಕ್ಷನ್ 226(3)," ಎಂದರು ಮ್ಯಾನೇಜರು. "ಖಾತೆಯಲ್ಲಿ ಇರುವುದನ್ನು ಅವರಿಗೆ ಕಳಿಸಬೇಕು. ನಮ್ಮ ಕೈಯಲ್ಲಿ ಏನೂ ಇಲ್ಲ ಅಂಕಲ್."

"ನಾನು ಯಾರಿಗೆ ಬಾಕಿ ಇಟ್ಟಿದ್ದೇನೆ?" ಎಂದು ಮಾವ ಮೂರು ಸಲ ಕೇಳಿದರು. ಅವರ ಲೆಕ್ಕದಲ್ಲಿ ಬಾಕಿ ಅಂದರೆ ಸಾಲದ ಪುಸ್ತಕದಲ್ಲಿ ಇರುವುದು. ಆ ಪುಸ್ತಕದಲ್ಲಿ ಬೇರೆಯವರು ಇವರಿಗೆ ಬಾಕಿ.

ಬಾಕಿ ಎಲ್ಲಿಂದ ಬಂತೆಂದು ತಿಳಿಯಲು ಎರಡು ವಾರ ಹಿಡಿಯಿತು. ಮಾವ ಅಂಗಡಿಯ ದುಡ್ಡನ್ನೆಲ್ಲ ಉಳಿತಾಯ ಖಾತೆಗೇ ಕಟ್ಟುತ್ತಿದ್ದರು. 2018-19ರಲ್ಲಿ ಅದು ಒಟ್ಟು 31 ಲಕ್ಷ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಬಿದ್ದರೆ ಬ್ಯಾಂಕು ತೆರಿಗೆ ಇಲಾಖೆಗೆ ತಿಳಿಸಲೇಬೇಕು. ತಿಳಿಸಿದೆ. ಇಲಾಖೆ ನೋಡಿದರೆ ಈ ಹೆಸರಿನಲ್ಲಿ ರಿಟರ್ನೇ ಇಲ್ಲ. ಈ ದುಡ್ಡು ಎಲ್ಲಿಂದ ಬಂತು ಎಂದು 2023ರ ಮಾರ್ಚಿನಲ್ಲಿ ನೋಟಿಸು ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ. ಉತ್ತರವಿಲ್ಲ. ಕಡೆಗೆ 31 ಲಕ್ಷವನ್ನೂ ಮೂಲ ವಿವರಿಸದ ಹಣವೆಂದು ಬರೆದು ಆದೇಶ ಮಾಡಿಬಿಟ್ಟಿದೆ. ಅಂಥ ಹಣಕ್ಕೆ ಆಗ 60% ತೆರಿಗೆ, ಆ ತೆರಿಗೆಯ ಮೇಲೆ 25% ಸರ್‌ಚಾರ್ಜು, ಎರಡೂ ಸೇರಿದ್ದರ ಮೇಲೆ 4% ಸೆಸ್ಸು, ಕೂಡಿದರೆ ಹಣದ 78%. ಐದು ವರ್ಷದ ಬಡ್ಡಿ ಸೇರಿ, ಖಾತೆಗೆ ಕಟ್ಟಿದ ದುಡ್ಡಿಗಿಂತ ಕೇಳಿದ ದುಡ್ಡೇ ಹೆಚ್ಚಾಗಿತ್ತು.

ನೋಟಿಸುಗಳೆಲ್ಲ ಈಮೇಲಿನಲ್ಲಿ ಹೋಗಿದ್ದವು. ಮಾವನಿಗೆ ಈಮೇಲ್ ಎಲ್ಲಿಂದ ಬರಬೇಕು? ಪ್ಯಾನ್ ಕಾರ್ಡ್ ಮಾಡಿಸಿಕೊಟ್ಟ ಸೋಮವಾರಪೇಟೆಯ ಜೆರಾಕ್ಸ್ ಅಂಗಡಿಯ ಹುಡುಗ ತನ್ನದೇ ವಿಳಾಸ ತುಂಬಿದ್ದ. ಆತ ಅಂಗಡಿ ಮುಚ್ಚಿ ಕುಶಾಲನಗರಕ್ಕೆ ಹೋಗಿ ವರ್ಷಗಳಾಗಿವೆ. ಹುಡುಕಿಕೊಂಡು ಹೋದೆವು. ಪಾಪ, ಪಾಸ್‌ವರ್ಡ್ ನೆನಪು ಮಾಡಿಕೊಂಡು ತೆರೆದು ಕೊಟ್ಟ. ಸೀರೆ ಆಫರು, ಸಾಲದ ಆಫರುಗಳ ನಡುವೆ ನಮ್ಮ ನಾಲ್ಕು ನೋಟಿಸುಗಳು ಓದದೆ ಬಿದ್ದಿದ್ದವು.

ನಮ್ಮದೂ ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. "ಟ್ಯಾಕ್ಸ್ ಕಟ್ಟುವಷ್ಟು ಲಾಭ ಎಲ್ಲಿದೆ?" ಎಂದು ಮಾವ ರಿಟರ್ನ್ ಹಾಕಿರಲಿಲ್ಲ. ಹೊಟ್ಟೆ ಉರಿಯುವುದೇನೆಂದರೆ, ಅವರ ಮಾತು ನಿಜವಾಗಿತ್ತು. ಸಣ್ಣ ವ್ಯಾಪಾರಿಗಳು ನಗದು ವಹಿವಾಟಿನ 8% ಲಾಭವೆಂದು ತೋರಿಸುವ 44ಎಡಿ ಎಂಬ ಸರಳ ದಾರಿ ಆಗ ಇತ್ತು. 31 ಲಕ್ಷಕ್ಕೆ 2,48,000. ಮಾವನಿಗೆ ಆಗ 63 ವರ್ಷ, ಆ ವಯಸ್ಸಿನವರಿಗೆ 3 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ. ಒಂದು ಫಾರಂ ತುಂಬಿದ್ದರೆ ಸೊನ್ನೆಯಲ್ಲಿ ಮುಗಿಯುತ್ತಿತ್ತು.

ಮಡಿಕೇರಿಯ ಸಿಎ ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತರು. ಪೆನ್ಸಿಲಿನಲ್ಲಿ ಗೋಲ ಹಾಕುತ್ತಾ ಹೋದರು. 49,000. 49,000. 48,500. 49,000. "ಇದೇನಿದು?"

ಮಾವ ಸಲೀಸಾಗಿ ಹೇಳಿದರು: "50,000 ದಾಟಿದ್ರೆ ಪ್ಯಾನ್ ಕೇಳ್ತಾರೆ. ಅದು ಬೀರುವಿನಲ್ಲಿರ್ತದೆ. ಬೀರುವಿನ ಬೀಗದ ಕೈ ಇವಳ ಅತ್ತೆ ಹತ್ರ."

ಸಿಎ ನಗಲಿಲ್ಲ. ನನಗೂ ಆಗ ನಗು ಬರಲಿಲ್ಲ. ವಾರದ ಬಟವಾಡೆ ಆದ ಸಂಜೆ ತೋಟದ ಕೂಲಿಯವರ ಲೈನ್‌ಮನೆಗಳಿಂದ ಜನ ಬಂದು ಹಳೆ ಬಾಕಿ ತೀರಿಸಿ, ಅಕ್ಕಿ, ಒಣಮೀನು, ಚಹಾಪುಡಿ, ಎಲೆಯಡಿಕೆ ಒಯ್ಯುತ್ತಾರೆ. ಒಂದೇ ಸಂಜೆಗೆ ಗಲ್ಲಾಪೆಟ್ಟಿಗೆ ತುಂಬುತ್ತದೆ. ಸೋಮವಾರ 49,000, ಉಳಿದದ್ದು ಗುರುವಾರ. ಅಂಗಡಿಯಲ್ಲಿ ನಿಂತವರಿಗೆ ಇದು ವಾರದ ಕೆಲಸ. ಸ್ಟೇಟ್‌ಮೆಂಟ್ ಮಾತ್ರ ನೋಡಿದವರಿಗೆ ಕಳ್ಳನ ಹೆಜ್ಜೆ. ಅಷ್ಟು ಹೋಳು ಮಾಡಿದ್ದರಿಂದ ಬಂದ ಲಾಭವಾದರೂ ಏನು? ಬ್ಯಾಂಕು ಕೂಡುವುದು ವರ್ಷದ ಮೊತ್ತವನ್ನು.

ಮುಂದಿನ ಗೋಲ ಇನ್ನೂ ದೊಡ್ಡದು. 2018ರ ಆಗಸ್ಟ್ ಮಧ್ಯದಿಂದ ನಾಲ್ಕು ವಾರ ಒಂದು ರೂಪಾಯಿಯೂ ಜಮಾ ಇಲ್ಲ. ಆಮೇಲೆ ಒಂದೇ ವಾರದಲ್ಲಿ ಮೂರು ಸಲ 49,000. ಇದಕ್ಕೆ ಕೊಡಗಿನವರಿಗೆ ವಿವರಣೆ ಬೇಡ. ಗುಡ್ಡ ಜರಿದು ರಸ್ತೆ ಇಲ್ಲ, ಕರೆಂಟಿಲ್ಲ, ಫೋನಿಲ್ಲ. ಅಂಗಡಿಯ ಹಿಂದಿನ ಗೋಡೆ ಕುಸಿದು ಗಲ್ಲಾಪೆಟ್ಟಿಗೆಯೊಳಗೆ ಕೆಸರುನೀರು ನುಗ್ಗಿತ್ತು. ಒಲೆಯ ಪಕ್ಕ ಹಳೆ ಪೇಪರ್ ಹಾಸಿ ಅತ್ತೆ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದ್ದರು. ಹೊಗೆ ವಾಸನೆಯ ಆ ಕಟ್ಟುಗಳನ್ನೇ ಮಾವ ಸೆಪ್ಟೆಂಬರಿನಲ್ಲಿ ಕಟ್ಟಿದ್ದು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಆ ದಿನಗಳಲ್ಲಿ ನಿದ್ದೆ ಬಾರದೆ ಫೋನಿನಲ್ಲಿ ಇಂಥವೇ ಕತೆ ಹುಡುಕುತ್ತಿದ್ದೆ. ಅಮೆರಿಕದಲ್ಲಿ ಕತೆ ಇನ್ನೂ ಬಿಗಿ. ಅಲ್ಲಿ 10,000 ಡಾಲರ್ ದಾಟಿದ ನಗದಿನ ವರದಿಯನ್ನು ಬ್ಯಾಂಕು ಸರ್ಕಾರಕ್ಕೆ ಕೊಡಬೇಕು. ವರದಿ ತಪ್ಪಿಸಲೆಂದು ಹೋಳು ಮಾಡಿ ಕಟ್ಟುವುದೇ ಒಂದು ಅಪರಾಧ, ದುಡ್ಡು ಬೆವರಿನದೇ ಆಗಿದ್ದರೂ. ಅಯೋವಾದಲ್ಲಿ ನಗದು ಮಾತ್ರ ತೆಗೆದುಕೊಳ್ಳುವ ಚಿಕ್ಕ ಹೋಟೆಲು ನಡೆಸುತ್ತಿದ್ದ ಒಬ್ಬ ಹೆಂಗಸಿನ ಖಾತೆಯಿಂದ 2013ರಲ್ಲಿ ಅಲ್ಲಿನ ತೆರಿಗೆಯವರು ಸುಮಾರು 33,000 ಡಾಲರ್ ಜಪ್ತಿ ಮಾಡಿದರು. ಆಕೆಯ ಮೇಲೆ ಯಾವ ಕೇಸೂ ಹಾಕಿರಲಿಲ್ಲ. ಬ್ಯಾಂಕಿನವರಿಗೆ ಕಾಗದದ ಕೆಲಸ ತಪ್ಪಲಿ ಎಂದು ಕಡಿಮೆ ಕಡಿಮೆ ಕಟ್ಟುವುದನ್ನು ಆಕೆ ಅಮ್ಮನಿಂದ ಕಲಿತದ್ದಂತೆ. ಓದಿ ಎದ್ದು ಕೂತೆ. ಬೀರುವಿನ ಬೀಗದ ಕೈ ಅಲ್ಲೂ ಇದೆಯಲ್ಲ! 2017ರಲ್ಲಿ ಅವರದೇ ತನಿಖಾಧಿಕಾರಿಗಳು ಇಂಥ 278 ಪ್ರಕರಣ ತೆಗೆದು ನೋಡಿದರೆ 91%ರಲ್ಲಿ ದುಡ್ಡು ನ್ಯಾಯವಾಗಿ ಗಳಿಸಿದ್ದೇ ಆಗಿತ್ತು. ಹಣ ಅಕ್ರಮದ್ದಾಗಿದ್ದರೆ, ಇಲ್ಲವೇ ಬೇರೊಂದು ಅಪರಾಧ ಮುಚ್ಚಲು ಹೋಳು ಮಾಡಿದ್ದರೆ ಮಾತ್ರ ಮುಟ್ಟಬೇಕೆಂದು 2019ರಲ್ಲಿ ಕಾನೂನೇ ಮಾಡಿ ತೆರಿಗೆಯವರ ಕೈ ಕಟ್ಟಿದರು.

ನಮ್ಮ ದಾರಿ ಕಾಗದದ್ದು. 1,000 ರೂಪಾಯಿ ಶುಲ್ಕ ಕಟ್ಟಿ, ತಡ ಮನ್ನಿಸಿ ಎಂದು ಬೇಡಿ ಅಪೀಲು ಹಾಕಿದೆವು. ನವೆಂಬರಿನಲ್ಲಿ, ತಿಂಗಳಿಗೆ 10,000 ಕಟ್ಟುವ ಷರತ್ತಿನ ಮೇಲೆ ಖಾತೆ ಬಿಟ್ಟರು. ಹೋದ 2,86,000 ಹೋದದ್ದೇ, ಅಪೀಲು ಗೆದ್ದರೆ ನೋಡಬೇಕು. ಅಷ್ಟರಲ್ಲಿ 2025ರ ಜುಲೈ ಬಂತು, ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯವರು ಬೇಕರಿ, ಚಹಾದಂಗಡಿಗಳಿಗೆ ನೋಟಿಸು ಕೊಟ್ಟ ಸುದ್ದಿ. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿ. ಟಿವಿ ನೋಡುತ್ತಾ ಮಾವ ಹೇಳಿದರು: "ನೋಟು ತಕೊಂಡ್ರೂ ನೋಟಿಸು, ಫೋನಲ್ಲಿ ತಕೊಂಡ್ರೂ ನೋಟಿಸು."

ಅಪೀಲಿಗೆ ನಮ್ಮ ದೊಡ್ಡ ಸಾಕ್ಷಿ 2018ರ ಸಾಲದ ಪುಸ್ತಕ. ಅರ್ಧ ಹಾಳೆ ನೀರು ಕುಡಿದು ಅಂಟಿಕೊಂಡಿವೆ. ಉಳಿದವುಗಳಲ್ಲಿ ಹೆಸರುಗಳೇ ಇಲ್ಲ. 'ಮೂರನೇ ಲೈನ್ ಅಜ್ಜಿ', 'ಟ್ರಾಕ್ಟರ್', 'ಕೆಂಪು ಶಾಲು', 'ಅಜ್ಜಿಯ ಅಳಿಯ'. ಸಿಎ ಕನ್ನಡಕ ತೆಗೆದು ಕೇಳಿದರು, "ಇವರೆಲ್ಲ ಯಾರು?"

ಈಗ ಹೊಸ ಪುಸ್ತಕ, ಪೂರ್ತಿ ಹೆಸರು, ಫೋನ್ ನಂಬರು, ಬರೆಯುವವಳು ನಾನು. ಮೂರನೇ ಲೈನ್ ಅಜ್ಜಿ ಅರ್ಧ ಕಿಲೋ ಬೆಲ್ಲಕ್ಕೆ ಬಂದಾಗ ಹೆಸರು ಕೇಳಿದೆ. ಬೆಲ್ಲವನ್ನು ಕೆಳಗಿಟ್ಟು ಮಾವನ ಮುಖ ನೋಡಿದಳು.

"ಇಷ್ಟು ವರ್ಷ ಕೇಳದವರು ಈಗ್ಯಾಕೆ ಕೇಳ್ತೀರಿ? ನನ್ನ ಮೇಲೆ ಏನಾದ್ರೂ ಕೇಸುಂಟಾ?"