ಯಾವ ಕ್ಲಾಸ್ ತಗೊಳ್ಳಲಿ? ಗಲ್ಲಾದಲ್ಲಿ ಕೂರುವವರು ಯಾರು ಅಂತ ಮೊದಲು ನೋಡಿ

ತಿಂಗಳಿಗೆ ಎರಡು ಮೂರು ಸಲವಾದರೂ ಈ ಪ್ರಶ್ನೆ ನನಗೆ ಬರುತ್ತದೆ. ಕಳೆದ ಸಲ ಬಂದದ್ದು ಮುಂಬಯಿಯ ಮುಲುಂಡಿನಿಂದ, ಅಕ್ಕನ ಮಗನಿಂದ. ರಾತ್ರಿಯಿಡೀ ಡೌನ್‌ಲೋಡ್‌ಗೆ ಹಾಕಿ 'ಬಾಲ್ಡರ್ಸ್ ಗೇಟ್ 3' ಅನ್ನುವ ಕಂಪ್ಯೂಟರ್ ಆಟ ಇಳಿಸಿಕೊಂಡಿದ್ದ. ಆ ಆಟಕ್ಕೆ 150 ಜಿಬಿ ಜಾಗ ಬೇಕು. ಲ್ಯಾಪ್‌ಟಾಪಿನಲ್ಲಿದ್ದ ಬೇರೆ ಆಟಗಳನ್ನೆಲ್ಲ ತೆಗೆದು ಜಾಗ ಮಾಡಿದ್ದ. ಬೆಳಿಗ್ಗೆ ನಾನು ಡೊಂಬಿವಲಿ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಿರುವಾಗ ಫೋನ್. "ಮಾವ, ಇಲ್ಲಿ ಹನ್ನೆರಡು ಕ್ಲಾಸ್ ತೋರಿಸ್ತಾ ಉಂಟು. ಎಂತದ್ದು ತಗೊಳ್ಳಲಿ?"

ಟ್ರೇನ್ ಬಂತು. ಆ ಗದ್ದಲದಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅವನಿಗೆ ಹೇಳಬೇಕಾಗಿದ್ದನ್ನೇ ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ.

ಈ ಆಟಗಳನ್ನು ಆಡದವರಿಗೆ ಎರಡು ಮಾತು. ಇವು ತಂಡ ಕಟ್ಟಿಕೊಂಡು ಆಡುವ ಆಟಗಳು. ನೀವು ಒಂದು ಪಾತ್ರ ಮಾಡಿಕೊಳ್ಳುತ್ತೀರಿ, ಉಳಿದವರು ದಾರಿಯಲ್ಲಿ ಸಿಗುತ್ತಾರೆ. ಕ್ಲಾಸ್ ಅಂದರೆ ಆ ಪಾತ್ರದ ಕಸುಬು. ಕತ್ತಿ ಹಿಡಿಯುವವನು ಫೈಟರ್, ಮಂತ್ರ ಕಲಿತವನು ವಿಝಾರ್ಡ್, ಬೀಗ ತೆಗೆಯುವವನು ರೋಗ್, ದೇವರ ಬಲದಿಂದ ಗಾಯ ಮಾಯಿಸುವವಳು ಕ್ಲೆರಿಕ್. ಈ ಪದ್ಧತಿ ಶುರುವಾದದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನುವ ಮೇಜಿನ ಮೇಲಿನ ಆಟದಿಂದ. ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುತ್ತಿದ್ದದ್ದು ಆಮೇಲೆ ಕಂಪ್ಯೂಟರಿಗೆ ಬಂತು.

ಕೇಳುವವರು ಸಾಮಾನ್ಯವಾಗಿ ಕೇಳುವುದು "ಯಾವುದು ಸ್ಟ್ರಾಂಗ್?" ಅಂತ. ನಾನು ತಿರುಗಿ ಕೇಳುವುದು, "ನಿಮ್ಮ ತಂಡದಲ್ಲಿ ಗಲ್ಲಾದಲ್ಲಿ ಕೂರುವವರು ಯಾರು?"

ನನ್ನ ಅಪ್ಪ ಘಾಟ್ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಗಲ್ಲಾದಲ್ಲಿ ಕೂತವರು. ಅವರಿಗೆ ದೋಸೆ ಎರೆಯಲು ಬರುತ್ತಿರಲಿಲ್ಲ. ಆ ಕೆಲಸಕ್ಕೆ ಒಳಗೆ ಭಟ್ರಿದ್ದರು. ನಾಲ್ಕು ಟೇಬಲಿನ ಆರ್ಡರು ತಲೆಯಲ್ಲೇ ಇಟ್ಟುಕೊಂಡು ಓಡಾಡುವ ಸಪ್ಲೈಯರ್‌ಗಳಿದ್ದರು. ಶಾಲೆಗೆ ರಜೆ ಇದ್ದಾಗ ನಾನು ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಒಂದು ಗಂಟೆಯ ರಶ್ಶು. ಒಬ್ಬರು ಬಿಲ್ಲು ಹಿಡಿದುಕೊಂಡು ಸಿಟ್ಟಿನಲ್ಲಿ ಬರುತ್ತಾರೆ. ಅಪ್ಪ ಸೋಂಪಿನ ಬಟ್ಟಲು ಅವರತ್ತ ಸರಿಸಿ, "ಕಾಯ್ ಝಾಲಂ ಸಾಹೇಬ್?" ಅಂತ ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತಾರೆ. ಅಷ್ಟರಲ್ಲಿ ಪಾಲಿಕೆಯವರು ಬಂದರೆ ಅವರಿಗೆ ಹಿಂದಿ, ಅಂಗಡಿ ಸೇಠ್‌ಗೆ ಗುಜರಾತಿ, ಒಳಗಿನವರಿಗೆ ತುಳು. ಅಡುಗೆ ಎಷ್ಟೇ ಚೆನ್ನಾಗಿರಲಿ, ಗಲ್ಲಾದಲ್ಲಿ ಮಾತು ಬಾರದವನು ಕೂತರೆ ಹೋಟೆಲಿನಲ್ಲಿ ದಿನಕ್ಕೊಂದು ಜಗಳ. ತಂಡ ಕಟ್ಟುವ ಆಟಗಳನ್ನು ಆಡುವಾಗೆಲ್ಲ ನನಗೆ ಆ ಹೋಟೆಲು ನೆನಪಾಗುತ್ತದೆ.

ಈಗ 'ಬಾಲ್ಡರ್ಸ್ ಗೇಟ್ 3' ನೋಡಿ. 2023ರ ಆಗಸ್ಟಿನಲ್ಲಿ ಬಂದ ಆಟ, ಮಾಡಿದವರು ಲೇರಿಯನ್ ಕಂಪನಿಯವರು. ತಂಡದಲ್ಲಿ ನಾಲ್ಕು ಜನ. ಮೊದಲ ಕೆಲವು ಗಂಟೆಗಳಲ್ಲೇ ನಿಮಗೆ ಜೊತೆಗಾರರು ಸಿಗುತ್ತಾರೆ. ಲೇಝೆಲ್ ಫೈಟರ್. ಶ್ಯಾಡೋಹಾರ್ಟ್ ಕ್ಲೆರಿಕ್. ಆಸ್ಟೇರಿಯನ್ ರೋಗ್. ಗೇಲ್ ವಿಝಾರ್ಡ್. ವಿಲ್ ವಾರ್‌ಲಾಕ್, ಬೇರೊಂದು ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆದವನು. ಸ್ವಲ್ಪ ತಡವಾಗಿ ಕಾರ್ಲಕ್, ಅವಳು ಬಾರ್ಬೇರಿಯನ್, ರೋಷದಿಂದ ಹೊಡೆದಾಡುವವಳು. ಅಡುಗೆಗೆ ಜನ ಆಯಿತು, ಬಡಿಸಲೂ ಜನ ಆಯಿತು. ಆದರೆ ದಾರಿಯಲ್ಲಿ ಸಿಕ್ಕಿದವರ ಜೊತೆ ಮಾತಾಡುವುದು ಹೆಚ್ಚಿನ ಸಲ ನಿಮ್ಮ ಪಾತ್ರವೇ. ಮಾತಾಡುವಾಗ ಆಟ ಲೆಕ್ಕಕ್ಕೆ ತಗೊಳ್ಳುವುದು ಮಾತಾಡುವವರ ಅಂಕಗಳನ್ನು. ಹಿಂದೆ ನಿಂತಿರುವವರಲ್ಲಿ ಎಷ್ಟೇ ದೊಡ್ಡ ಮಾತುಗಾರ ಇದ್ದರೂ ಅವರ ಬಾಯಿ ನಿಮಗೆ ಸಿಗುವುದಿಲ್ಲ.

ಇದನ್ನು ಅಂಕೆಯಲ್ಲೇ ತೋರಿಸುತ್ತೇನೆ. ಯಾರನ್ನಾದರೂ ಮಾತಿನಲ್ಲಿ ಒಪ್ಪಿಸಬೇಕಾದರೆ ಆಟ 20 ಮುಖದ ದಾಳ ಉರುಳಿಸುತ್ತದೆ. ಒಪ್ಪಿಸಲು 15 ಬೇಕು ಅಂತಿಟ್ಟುಕೊಳ್ಳಿ. ಆಟ ತಾನೇ ಮಾಡಿಕೊಡುವ ಫೈಟರ್‌ಗೆ ಕ್ಯಾರಿಸ್ಮಾ, ಅಂದರೆ ಮಾತಿನ ಬಲ, ಬರೀ 8. ಅದಕ್ಕೆ ದಾಳದಲ್ಲಿ ಬಿದ್ದದ್ದರಿಂದ 1 ಕಳೆಯುತ್ತಾರೆ. ಅಂದರೆ 16 ಅಥವಾ ಹೆಚ್ಚು ಬೀಳಬೇಕು. ನೂರಕ್ಕೆ 25 ಸಲ ಗೆಲುವು. ಅದೇ ಬಾರ್ಡ್, ಅಂದರೆ ಹಾಡು ಮಾತುಗಳ ಕಸುಬಿನವನು, ಆಗಿ ಕ್ಯಾರಿಸ್ಮಾ 16 ಇಟ್ಟು, ಮನವೊಲಿಸುವ ವಿದ್ಯೆಯನ್ನೂ ಕಲಿತಿದ್ದರೆ? ಕ್ಯಾರಿಸ್ಮಾದಿಂದ 3, ವಿದ್ಯೆಯಿಂದ 2, ಒಟ್ಟು 5 ಕೂಡುತ್ತದೆ. 10 ಬಿದ್ದರೂ ಸಾಕು. ನೂರಕ್ಕೆ 55 ಸಲ ಗೆಲುವು. ಪಕ್ಕದಲ್ಲಿ ನಿಂತ ಶ್ಯಾಡೋಹಾರ್ಟ್ 'ಗೈಡನ್ಸ್' ಅನ್ನುವ ಸಣ್ಣ ಮಂತ್ರ ಹಾಕಿದರೆ ಇನ್ನೊಂದು ನಾಲ್ಕು ಮುಖದ ದಾಳ ಸೇರುತ್ತದೆ. ಆಗ 67 ದಾಟುತ್ತದೆ. ಅದೇ ಎದುರಾಳಿ, ಅದೇ ಮಾತು. ಗಲ್ಲಾದಲ್ಲಿ ಕೂತವರು ಬೇರೆ, ಅಷ್ಟೇ.

ಈ ಆಟದಲ್ಲಿ ಮಾತಿನಿಂದ ತಪ್ಪುವ ಜಗಳಗಳು ಬಹಳ. ಎರಡನೇ ಭಾಗದಲ್ಲಂತೂ ಕತ್ತಿ ಎತ್ತದೆ, ಬರೀ ಮಾತಿನಲ್ಲಿ ಮುಗಿಸಬಹುದಾದ ದೊಡ್ಡ ದೊಡ್ಡ ಎದುರಾಳಿಗಳಿದ್ದಾರೆ. ಅವರ ಹೆಸರು ಹೇಳುವುದಿಲ್ಲ, ನೀವೇ ನೋಡಬೇಕು. ತಾಳಮದ್ದಳೆ ನೋಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಇಬ್ಬರು ಅರ್ಥಧಾರಿಗಳು ಎದುರು ಬದುರು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ, ಸಭೆ ಉಸಿರು ಬಿಗಿಹಿಡಿದು ಕೇಳುತ್ತದೆ. ನನಗೆ ಬಾರ್ಡ್ ಅಂದರೆ ಪ್ರಾಣ ಯಾಕೆ ಅಂದರೆ ಇದಕ್ಕೇ.

ಹಾಗಾಗಿ 'ಬಾಲ್ಡರ್ಸ್ ಗೇಟ್ 3'ಕ್ಕೆ ನನ್ನ ಉತ್ತರ: ಕ್ಯಾರಿಸ್ಮಾದ ಮೇಲೆ ನಿಂತ ಕ್ಲಾಸ್ ತಗೊಳ್ಳಿ. ಅಂಥವು ನಾಲ್ಕು ಇವೆ: ಬಾರ್ಡ್, ಪ್ಯಾಲಡಿನ್, ಸಾರ್ಸರರ್, ವಾರ್‌ಲಾಕ್. ವಾರ್‌ಲಾಕ್ ಆಗಿ ವಿಲ್ ಹೇಗೂ ಸಿಗುತ್ತಾನೆ. ಸಾರ್ಸರರ್, ಅಂದರೆ ಹುಟ್ಟಿನಿಂದಲೇ ಮಂತ್ರಶಕ್ತಿ ಇರುವವನು, ಒಳ್ಳೆಯದೇ, ಐದನೇ ಲೆವೆಲ್ಲಿನಲ್ಲಿ ಬೆಂಕಿಯುಂಡೆ ಎಸೆಯುವ ಫೈರ್‌ಬಾಲ್ ಬಂದಮೇಲೆ ಅದರ ಗತ್ತೇ ಬೇರೆ. ಆದರೆ ಮೊದಲ ಸಲ ಆಡುವವರಿಗೆ ನಾನು ಹೇಳುವುದು ಪ್ಯಾಲಡಿನ್. ಮೈಮೇಲೆ ಭಾರದ ಕವಚ, ಕೈಯಲ್ಲಿ ಗುರಾಣಿ, ಮುಂದೆ ನಿಂತು ಹೊಡೆಯಬಹುದು. ಕೈ ಮುಟ್ಟಿ ಗಾಯ ಮಾಯಿಸುವ ಶಕ್ತಿ ಮೊದಲ ಲೆವೆಲ್ಲಿನಲ್ಲೇ ಇದೆ. ಮಾತೂ ಬರುತ್ತದೆ. ಇನ್ನೊಂದು ಕಾರಣ ನನಗೆ ಇವೆಲ್ಲಕ್ಕಿಂತ ದೊಡ್ಡದು. ಪ್ಯಾಲಡಿನ್‌ಗೆ ಒಂದು ಪ್ರತಿಜ್ಞೆ ಇರುತ್ತದೆ. ಅದಕ್ಕೆ ವಿರುದ್ಧ ನಡೆದರೆ ಪ್ರತಿಜ್ಞೆ ಮುರಿಯುತ್ತದೆ, ಶಕ್ತಿಗಳು ಹೋಗುತ್ತವೆ, ರಾತ್ರಿ ಬಿಡಾರಕ್ಕೆ ಒಬ್ಬ ಕರಿ ಕವಚದ ನೈಟ್ ಬಂದು ನಿಮ್ಮನ್ನು ಮಾತಾಡಿಸುತ್ತಾನೆ. ಹಾಗಾಗಿ ಪ್ರತಿ ಮಾತಿಗೂ ಮುಂಚೆ ನೀವು ಒಂದು ಕ್ಷಣ ನಿಲ್ಲುತ್ತೀರಿ. ಯಾರ ಮೇಲೆ ಕೈ ಎತ್ತಬೇಕು, ಯಾರಿಗೆ ಬಿಟ್ಟುಕೊಡಬೇಕು ಅಂತ ಯೋಚಿಸುತ್ತೀರಿ. ಮೊದಲ ಆಟದಲ್ಲಿ ಆ ಯೋಚನೆ ಬಂದುಬಿಟ್ಟರೆ ಈ ಜಾತಿಯ ಆಟ ನಿಮ್ಮನ್ನು ಬಿಡುವುದಿಲ್ಲ.

ಆದರೆ ಇದೇ ಉತ್ತರ ಎಲ್ಲ ಆಟಕ್ಕೂ ಸಲ್ಲುವುದಿಲ್ಲ. ಮೊದಲ 'ಬಾಲ್ಡರ್ಸ್ ಗೇಟ್' ಬಂದದ್ದು 1998ರಲ್ಲಿ, ಬಯೋವೇರ್ ಮಾಡಿದ್ದು. ಐದು ಸಿಡಿಗಳ ಆಟ. ನಾನು ಆಡಿದ್ದು 2003ರಲ್ಲಿ, ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಮಂತ್ರ ಹಾಕುವುದು ಅಂದರೆ ಆಸೆ, ಕಣ್ಣು ಮುಚ್ಚಿ ಮೇಜ್, ಅಂದರೆ ಮಂತ್ರವಾದಿ, ತಗೊಂಡೆ. ಅದರಲ್ಲಿ ಮೊದಲ ಲೆವೆಲ್ಲಿನ ಮೇಜ್‌ಗೆ ಜೀವದ ಅಂಕ ನಾಲ್ಕು, ದೇಹ ಬಹಳ ಗಟ್ಟಿ ಇದ್ದರೆ ಆರು. ಫೈಟರ್‌ಗೆ ಶುರುವಾಗುವುದೇ ಹತ್ತರಿಂದ.

ದಾರಿಯುದ್ದಕ್ಕೂ ಹೇಗೋ ಬದುಕಿಕೊಂಡು ಫ್ರೆಂಡ್ಲಿ ಆರ್ಮ್ ಅನ್ನುವ ಛತ್ರ ತಲುಪಿದೆ. ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದಾನೆ. ಟಾರ್ನೆಶ್ ಅಂತ. ನಗುತ್ತಾ ಮಾತಾಡಿಸಿದ. ತಾನು ಹುಡುಕುತ್ತಿದ್ದವನು ನಾನೇ ಅಂತ ಗೊತ್ತಾದ ತಕ್ಷಣ ಕೈ ಎತ್ತಿ ಮಂತ್ರ ಶುರು ಮಾಡಿದ. ಅವನ ಸುತ್ತ ಅವನದೇ ನಾಲ್ಕಾರು ಪ್ರತಿಬಿಂಬಗಳು ಎದ್ದವು. ನನ್ನ ಕವಣೆಯ ಕಲ್ಲು ಪ್ರತಿಬಿಂಬಕ್ಕೆ ಹೋಯಿತು, ಅವನ ಮ್ಯಾಜಿಕ್ ಮಿಸೈಲ್ ನೇರ ನನಗೆ ಬಂತು. ಆಟ ಮುಗಿಯಿತು. ಯಾಕೆಂದರೆ ಆ ಆಟದಲ್ಲಿ ನಿಮ್ಮ ಪಾತ್ರ ಸತ್ತರೆ ಜೊತೆಗಾರರು ಎಷ್ಟೇ ಗಟ್ಟಿಯಾಗಿ ನಿಂತಿದ್ದರೂ ಪ್ರಯೋಜನ ಇಲ್ಲ. ಹಳೇ ಸೇವ್, ಅಂದರೆ ಮುಂಚೆ ಉಳಿಸಿಟ್ಟ ಆಟ, ತೆಗೆಯಬೇಕು. ತೆಗೆದೆ, ಸತ್ತೆ. ಮತ್ತೆ ತೆಗೆದೆ, ಮತ್ತೆ ಸತ್ತೆ. ಆ ರಜೆಯಲ್ಲಿ ಆ ಮೆಟ್ಟಿಲು ದಾಟಲೇ ಇಲ್ಲ. ಬಹಳ ಬೇಜಾರಾಗಿತ್ತು. ಈ ಆಟ ನನ್ನಂಥವರಿಗೆ ಅಲ್ಲ ಅಂದುಕೊಂಡು ಸಿಡಿಗಳನ್ನು ಕಟ್ಟಿಟ್ಟೆ. ಈಗ ಯಾರಾದರೂ ಕ್ಲಾಸ್ ಕೇಳಿದಾಗ ಸುಮ್ನೆ "ನಿಂಗಿಷ್ಟ ಬಂದದ್ದು ತಗೋ" ಅಂತ ಹೇಳಲು ನನಗೆ ಮನಸ್ಸು ಬಾರದೇ ಇರುವುದಕ್ಕೆ ಆ ರಜೆಯೇ ಕಾರಣ.

ಆ ಹಳೇ ಆಟದಲ್ಲಿ ಗಲ್ಲಾದ ಲೆಕ್ಕವೇ ಬೇರೆ. ತಂಡದಲ್ಲಿ ಆರು ಜನ. ಯಾರನ್ನು ಬೇಕಾದರೂ ಮೊದಲ ಸ್ಥಾನಕ್ಕೆ ಹಾಕಿ ಮುಂದೆ ನಿಲ್ಲಿಸಬಹುದು. ಅಂಗಡಿಯವನು ಹೇಳುವ ಬೆಲೆ ಅವರ ಕ್ಯಾರಿಸ್ಮಾ ನೋಡಿ ಇಳಿಯುತ್ತದೆ. ಹಾಗಾಗಿ ಅಲ್ಲಿ ನಿಮ್ಮ ಕೆಲಸ ಒಂದೇ, ಸಾಯದೇ ಇರುವುದು. ಅದಕ್ಕೆ ಫೈಟರ್ ತಗೊಳ್ಳಿ, ಉದ್ದ ಬಿಲ್ಲು ಕಲಿಯಿರಿ. ಆ ನಿಯಮಗಳಲ್ಲಿ ಬಿಲ್ಲಿನಿಂದ ಒಂದು ಸುತ್ತಿಗೆ ಎರಡು ಬಾಣ ಬಿಡಬಹುದು. ಬೀಗಕ್ಕೆ, ಬಲೆಗಳಿಗೆ ಇಮೋಯೆನ್ ಶುರುವಿನಲ್ಲೇ ಸಿಗುತ್ತಾಳೆ. ಗಾಯಕ್ಕೆ ಜಹೀರಾ, ಅವಳ ಗಂಡ ಖಾಲಿದ್ ಮುಂದೆ ನಿಲ್ಲಲು. ಇಬ್ಬರೂ ಅದೇ ಛತ್ರದ ಒಳಗೆ ಕಾಯುತ್ತಿರುತ್ತಾರೆ. ನಾನು ಮೂರು ವರ್ಷ ಬಿಟ್ಟು ಬಿಲ್ಲಿನ ಫೈಟರ್ ಮಾಡಿಕೊಂಡು ಹೋದಾಗ, ಟಾರ್ನೆಶ್ ಎರಡನೇ ಮಂತ್ರ ಮುಗಿಸುವುದರೊಳಗೆ ಬಿದ್ದ. ಆಮೇಲೆ ಮೇಜ್‌ಗಳ ಬೆಲೆಯೂ ಗೊತ್ತಾಯಿತು. 'ಸ್ಲೀಪ್' ಮಂತ್ರ ಒಂದೇ ಸಾಕು, ಶುರುವಿನ ಅರ್ಧ ಕಾಳಗಗಳು ಮಲಗಿಬಿಡುತ್ತವೆ. ಆದರೆ ಆ ಮಂತ್ರ ಹಾಕುವವನು ಜೊತೆಗಾರನಾಗಿರಲಿ, ನೀವೇ ಆಗುವುದು ಬೇಡ, ಮೊದಲ ಸಲಕ್ಕಂತೂ ಬೇಡ.

'ಡಿವಿನಿಟಿ ಒರಿಜಿನಲ್ ಸಿನ್ 2' ಆಡುವವರು ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಕ್ಲಾಸ್ ಅನ್ನುವುದು ಬರೀ ಶುರುವಿನ ಗಂಟು, ಪುಸ್ತಕ ಓದಿ ಯಾರು ಯಾವ ವಿದ್ಯೆಯನ್ನಾದರೂ ಕಲಿಯಬಹುದು. 'ಪಾತ್‌ಫೈಂಡರ್' ಆಟಗಳನ್ನು ಮೊದಲ ಆಟವಾಗಿ ತಗೊಳ್ಳಬೇಡಿ ಅಂತಲೇ ನಾನು ಹೇಳುವುದು. 2021ರ 'ರಾತ್ ಆಫ್ ದಿ ರೈಟಿಯಸ್'ನಲ್ಲಿ 25 ಕ್ಲಾಸ್‌ಗಳಿವೆ, ಒಂದೊಂದರ ಒಳಗೆ ಮತ್ತೆ ಕವಲುಗಳು. ಎರಡು ಆಟ ಆಡಿದ ಮೇಲೆ ಹೋದರೆ ಅದು ಹಬ್ಬ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಈ ಆಟಗಳು ಹತ್ತಾರು ಗಂಟೆ ನಡೆಯುತ್ತವೆ. ದೊಡ್ಡ ಶಕ್ತಿಗಳು ದಿನಕ್ಕೆ ಒಂದೆರಡು ಸಲ ಮಾತ್ರ, ಉಳಿದ ಹೊತ್ತು ಮಾಡುವುದು ಒಂದೇ ಸಾದಾ ಕೆಲಸ. ಆ ಸಾದಾ ಕೆಲಸ ನಿಮಗೆ ಖುಷಿ ಕೊಡಬೇಕು. ವಾರ್‌ಲಾಕ್ ಆದರೆ ಹೆಚ್ಚಿನ ಸರದಿಯಲ್ಲೂ ಅದೇ ಎಲ್ಡ್ರಿಚ್ ಬ್ಲಾಸ್ಟ್ ಅನ್ನುವ ಮಂತ್ರ. ಕೆಲವರಿಗೆ ಅದೇ ನೆಮ್ಮದಿ, ನನಗೆ ಹತ್ತು ಗಂಟೆಯಲ್ಲಿ ಸಾಕಾಯಿತು. ವಿಝಾರ್ಡ್ ಆದರೆ ಓದು ಜಾಸ್ತಿ. ಯಾವ ಮಂತ್ರ ಇವತ್ತಿಗೆ, ಯಾವುದು ನಾಳೆಗೆ ಅಂತ ಪಟ್ಟಿ ಹಾಕಬೇಕು. ಪಟ್ಟಿ ಹಾಕುವುದು ಇಷ್ಟ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಕ್ಲಾಸ್ ಇಲ್ಲ. ರಾತ್ರಿ ಹತ್ತಕ್ಕೆ ಮನೆಗೆ ಬಂದು ಒಂದು ಗಂಟೆ ಆಡುವವರಿಗೆ ಅದು ಇನ್ನೊಂದು ಆಫೀಸು ಆಗುತ್ತದೆ ಅಲ್ವಾ?

ತಪ್ಪು ಆರಿಸಿದರೆ ಏನು ಅಂತ ಹೆದರಬೇಡಿ. 'ಬಾಲ್ಡರ್ಸ್ ಗೇಟ್ 3'ರಲ್ಲಿ ಶುರುವಿನ ಸಮುದ್ರ ದಡದ ಹತ್ತಿರ ಒಂದು ಪಾಳು ಗುಡಿ ಇದೆ. ಅದರ ಕೆಳಗಿನ ಸಮಾಧಿಯಲ್ಲಿ ವಿದರ್ಸ್ ಅನ್ನುವ ಒಣಗಿದ ಮುದುಕ ಮಲಗಿದ್ದಾನೆ. ಅವನನ್ನು ಎಬ್ಬಿಸಿ. ಆಮೇಲೆ ಅವನು ನಿಮ್ಮ ಬಿಡಾರದಲ್ಲೇ ಇರುತ್ತಾನೆ. 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್, ಅಂಕ ಎರಡನ್ನೂ ಬದಲಿಸಿಕೊಡುತ್ತಾನೆ. ಜನಾಂಗ, ಹಿನ್ನೆಲೆ ಮಾತ್ರ ಬದಲಾಗುವುದಿಲ್ಲ. ಜೊತೆಗಾರರದ್ದೂ ಬದಲಿಸಬಹುದು.

ಅಕ್ಕನ ಮಗ ನನ್ನ ಉತ್ತರಕ್ಕೆ ಕಾಯಲಿಲ್ಲ. ಫೈಟರ್ ತಗೊಂಡು ಶುರು ಮಾಡಿಬಿಟ್ಟಿದ್ದ. ಕ್ಯಾರಿಸ್ಮಾ 8. ಪಕ್ಕದಲ್ಲಿ ಲೇಝೆಲ್, ಅವಳೂ ಫೈಟರ್. ಭಾನುವಾರ ಮುಲುಂಡಿಗೆ ಹೋದಾಗ ಪಾಳುಬಿದ್ದ ಊರಿನ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದ. ಮನೆಗಳ ಮಾಡಿನ ಮೇಲೆ ಗಾಬ್ಲಿನ್‌ಗಳು, ಅಂದರೆ ಪುಟ್ಟ ರಾಕ್ಷಸ ಜೀವಿಗಳು, ಬಿಲ್ಲು ಹಿಡಿದು ಕೂತಿದ್ದವು. ಎಷ್ಟು ಸಲ ಮಾತಾಡಿಸಿದರೂ ಕೊನೆಗೆ ಬಾಣಗಳೇ ಬರುತ್ತಿದ್ದವು. "ಮಾವ, ಇವು ಕೇಳುದೇ ಇಲ್ಲ" ಅಂದ. ವಿದರ್ಸ್ ಹತ್ತಿರ ಕರೆದುಕೊಂಡು ಹೋದೆ. ಪ್ಯಾಲಡಿನ್ ಆದ, ಕ್ಯಾರಿಸ್ಮಾ 16 ಇಟ್ಟ, ಮನವೊಲಿಸುವ ವಿದ್ಯೆ ತಗೊಂಡ. ಹೊರಗೆ ಮಳೆ ಜೋರಾಗಿತ್ತು, ಅಕ್ಕ ಚಹಾ ತಂದು ಕಿಟಕಿ ಪಕ್ಕ ಇಟ್ಟಳು. ದಾಳ ಉರುಳಿತು. ಹದಿನಾಲ್ಕು ಬಿತ್ತು, ಮೇಲಿನ ಐದೂ ಸೇರಿತು. ಗಾಬ್ಲಿನ್ ಬಿಲ್ಲು ಇಳಿಸಿತು. ಅವನು ಮೌಸ್ ಮೇಲಿನ ಕೈ ಮೆಲ್ಲಗೆ ಸರಿಸಿದ. ನಾಲ್ಕೂ ಜನ ಒಬ್ಬರ ಹಿಂದೆ ಒಬ್ಬರು, ಮಾಡಿನ ಮೇಲಿನ ಬಿಲ್ಲುಗಳ ಕೆಳಗೆ, ಊರಿನೊಳಗೆ ನಡೆದುಕೊಂಡು ಹೋದರು.